ಚದರ ಮೀಟರ್‌ಗೆ 50 ರೂಪಾಯಿ: ಗಣಿ ಗುಂಡಿ ಮುಚ್ಚೋ ಲೆಕ್ಕ ಇಷ್ಟೇನಾ?

ಸಂಡೂರು, ಹೊಸಪೇಟೆ ಕಡೆ ‘ಪರ್ಮಿಟ್’ ಅಂದ ತಕ್ಷಣ ಜನರಿಗೆ ನೆನಪಾಗೋದು ಲಾರಿ. ಅದಿರು ತುಂಬಿದ ಲಾರಿ ಗಣಿಯಿಂದ ಆಚೆ ಬರಲು ಬೇಕಾದ ಕಾಗದಕ್ಕೆ ಅಲ್ಲಿ ಪರ್ಮಿಟ್ ಅಂತಾರೆ. ಒಂದು ಕಾಲದಲ್ಲಿ ಕರ್ನಾಟಕದ ರಾಜಕಾರಣ ಈ ಕಾಗದದ ಸುತ್ತಲೇ ತಿರುಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಕೊಟ್ಟ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಂದಿತು. ಅದಾದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಆ ಕಥೆ ನಮಗೆಲ್ಲ ಗೊತ್ತು: ಯಾರು ಎಷ್ಟು ಅದಿರು ಹೊತ್ತೊಯ್ದರು, ಯಾರಿಗೆ ಎಷ್ಟು ಹೋಯಿತು, ಯಾರು ಜೈಲಿಗೆ ಹೋದರು.

ಆ ಕಥೆಯಲ್ಲಿ ಒಂದು ಪ್ರಶ್ನೆ ಯಾವಾಗಲೂ ಹಿಂದಿನ ಬೆಂಚಿನಲ್ಲೇ ಕೂತಿರುತ್ತೆ. ಅದಿರು ಹೋದಮೇಲೆ ಉಳಿಯುವ ಗುಂಡಿ ಯಾರದ್ದು? ಅದರ ಪಕ್ಕದ ಮಣ್ಣಿನ ಗುಡ್ಡೆ ಯಾರದ್ದು? ಮಳೆ ಬಂದಾಗ ಆ ಕೆಂಪು ಮಣ್ಣು ಕೊಚ್ಚಿಕೊಂಡು ಹೋಗಿ ಕೆರೆ ತುಂಬಿದರೆ, ಆ ಹೂಳು ತೆಗೆಸೋ ದುಡ್ಡು ಯಾರ ಜೇಬಿನಿಂದ ಬರಬೇಕು?

ನಮ್ಮ ಗಣಿ ಕಾನೂನಿನಲ್ಲಿ ಇದಕ್ಕೆ ಉತ್ತರ ಇದೆ. ಉತ್ತರದ ಮೊತ್ತ ನೋಡಿದರೆ ಮಾತ್ರ ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ತೆರೆಯೋಕೆ ಹತ್ತು ಬಾಗಿಲು, ಮುಚ್ಚೋಕೆ ಒಂದು ಅಧ್ಯಾಯ

ಒಂದು ಕಬ್ಬಿಣದ ಅದಿರಿನ ಗಣಿ ಶುರುವಾಗಲು ಏನೇನು ಬೇಕು ನೋಡಿ. 2015ರ ತಿದ್ದುಪಡಿಯ ನಂತರ ಗುತ್ತಿಗೆ ಹರಾಜಿನಲ್ಲಿ ಸಿಗಬೇಕು. ಭಾರತೀಯ ಗಣಿ ಬ್ಯೂರೋ ಗಣಿ ಯೋಜನೆ ಒಪ್ಪಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿ ಸಿಗಬೇಕು, ಅದಕ್ಕೂ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕಾಡಿನ ಜಾಗ ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಎರಡು ಹಂತದ ಒಪ್ಪಿಗೆ. ಜಲ ಕಾಯ್ದೆ, ವಾಯು ಕಾಯ್ದೆಗಳಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ. ಸ್ಫೋಟಕ ಇಡಲು ಬೇರೆ ಲೈಸೆನ್ಸ್. ಕಾಗದದ ಮೇಲೆ ಇದು ಸಣ್ಣ ಕೋಟೆಯೇನಲ್ಲ.

ಇವೆಲ್ಲವೂ ಗಣಿಯ ಆರಂಭಕ್ಕೆ ಸಂಬಂಧಿಸಿದವು. ಮುಚ್ಚೋ ವಿಷಯ ಎಲ್ಲಿ ಬರುತ್ತೆ? ಗಣಿ ಯೋಜನೆಯೊಳಗೆ ‘ಹಂತಹಂತವಾಗಿ ಮುಚ್ಚುವ ಯೋಜನೆ’ ಅಂತ ಒಂದು ಭಾಗ ಇರುತ್ತೆ. 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಇದನ್ನು ಐದು ವರ್ಷಕ್ಕೊಮ್ಮೆ ಪರಿಶೀಲನೆಗೆ ಕೊಡಬೇಕು. ಗಣಿ ನಿಲ್ಲಿಸಲು ಎರಡು ವರ್ಷ ಇರುವಾಗ ಅಂತಿಮ ಯೋಜನೆ ಸಲ್ಲಿಸಬೇಕು. ಇದರ ಜತೆಗೆ 2020ರ ಜನವರಿ 8ರಂದು, ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಷರತ್ತು ಹಾಕಿಸಿತು. ಗಣಿಗಾರಿಕೆ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡಮರ, ಪ್ರಾಣಿಗಳಿಗೆ ಯೋಗ್ಯವಾಗುವಂತೆ ಆ ನೆಲವನ್ನು ತಂದುಕೊಡಬೇಕು.

ಚೆನ್ನಾಗಿದೆ. ಆದರೆ ಗುತ್ತಿಗೆದಾರ ಹುಲ್ಲು ಬೆಳೆಸದೇ ಹೋದರೆ?

ಕ್ಯಾಲ್ಕುಲೇಟರ್ ತಗೊಳ್ಳಿ

ಇದಕ್ಕಾಗಿಯೇ ‘ಹಣಕಾಸು ಭದ್ರತೆ’ ಅನ್ನೋ ವ್ಯವಸ್ಥೆ ಇದೆ. ಬಾಡಿಗೆ ಮನೆಗೆ ಕೊಡೋ ಅಡ್ವಾನ್ಸ್ ಇದ್ದಹಾಗೆ. ಗುತ್ತಿಗೆದಾರ ನೆಲವನ್ನು ಸರಿಮಾಡದೆ ಹೋದರೆ ಸರ್ಕಾರ ಆ ಹಣ ಮುಟ್ಟುಗೋಲು ಹಾಕಿಕೊಂಡು ತಾನೇ ಕೆಲಸ ಮಾಡಿಸಬಹುದು. 2021ರ ನವೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ಇದರ ದರ ಏರಿಸಿತು. ದೊಡ್ಡ, ಯಂತ್ರಚಾಲಿತ ಗಣಿಗಳಿಗೆ ಹೆಕ್ಟೇರಿಗೆ 3 ಲಕ್ಷ ಇದ್ದದ್ದು 5 ಲಕ್ಷ ಆಯಿತು. ಉಳಿದವಕ್ಕೆ 2 ಲಕ್ಷದಿಂದ 3 ಲಕ್ಷ.

ಒಂದು ಹೆಕ್ಟೇರ್ ಅಂದರೆ 10,000 ಚದರ ಮೀಟರ್. 5 ಲಕ್ಷವನ್ನು ಅದರಿಂದ ಭಾಗಿಸಿದರೆ ಚದರ ಮೀಟರ್‌ಗೆ 50 ರೂಪಾಯಿ. ಎರಡು ಪ್ಲೇಟ್ ಇಡ್ಲಿಗೂ ಸಾಲದ ದುಡ್ಡು.

ಆ ದುಡ್ಡಲ್ಲಿ ಏನೇನು ಮಾಡಬೇಕು? ಬರೀ ಒಂದು ಕೆಲಸ ನೋಡೋಣ. ಗಿಡ ಹಿಡಿಯಬೇಕಾದರೆ ಮೇಲ್ಮಣ್ಣು ಬೇಕು. ಒಂದು ಹೆಕ್ಟೇರಿನ ಮೇಲೆ ಒಂದು ಅಡಿಯಷ್ಟು, ಅಂದರೆ 30 ಸೆಂಟಿಮೀಟರ್ ಮಣ್ಣು ಹರಡಲು 3,000 ಘನ ಮೀಟರ್ ಬೇಕು. ಒಂದು ಟಿಪ್ಪರ್‌ನಲ್ಲಿ 10 ಘನ ಮೀಟರ್ ಹಿಡಿಯುತ್ತೆ ಅಂದುಕೊಂಡರೆ 300 ಲೋಡ್. 5 ಲಕ್ಷವನ್ನು 300ಕ್ಕೆ ಹಂಚಿದರೆ ಲೋಡಿಗೆ 1,700 ರೂಪಾಯಿಯೂ ಬರಲ್ಲ. ಮಣ್ಣು ಅಗೆದು, ತುಂಬಿ, ಸಾಗಿಸಿ, ಹರಡೋ ಹೊತ್ತಿಗೆ ಠೇವಣಿ ಖಾಲಿ. ಇನ್ನು ಗುಡ್ಡೆಯ ಬುಡಕ್ಕೆ ತಡೆಗೋಡೆ, ಸುತ್ತ ನೀರುಗಾಲುವೆ, ಹಳ್ಳಕ್ಕೆ ಚೆಕ್ ಡ್ಯಾಮ್, ಇಳಿಜಾರು ಕುಸಿಯದಂತೆ ಮೆಟ್ಟಿಲು ಕಡಿಯೋದು, ಸಸಿ ನೆಡೋದು, ಎರಡು ಮೂರು ಬೇಸಿಗೆ ಅದಕ್ಕೆ ನೀರು ಹಾಕೋದು ಇವೆಲ್ಲ ಬಾಕಿಯೇ.

ಈಗ ಇನ್ನೊಂದು ಕಡೆಯಿಂದ ನೋಡಿ. 200 ಹೆಕ್ಟೇರ್ ಅಗೆದಿರುವ ಒಂದು ಗಣಿ ಇದೆ ಅಂತ ಊಹಿಸಿಕೊಳ್ಳಿ. ವರ್ಷಕ್ಕೆ 20 ಲಕ್ಷ ಟನ್ ಅದಿರು, ಟನ್‌ಗೆ 3,000 ರೂಪಾಯಿ ಅಂದುಕೊಂಡರೆ ವರ್ಷದ ಮಾರಾಟ 600 ಕೋಟಿ. ಠೇವಣಿ 10 ಕೋಟಿ. ಅಂದರೆ ಆರು ದಿನದ ವ್ಯಾಪಾರ. ಇಂಥ ಕಂಪನಿಗೆ ನೆಲ ಸರಿಮಾಡೋದಕ್ಕಿಂತ ಠೇವಣಿ ಕಳಕೊಳ್ಳೋದೇ ಲಾಭ ಅನ್ನಿಸಿದರೆ, ಅದು ಬರೀ ದುರಾಸೆ ಅಲ್ಲ, ನಿಯಮವೇ ಕಲಿಸಿಕೊಟ್ಟ ಲೆಕ್ಕ.

ಅಂತಿಮ ಯೋಜನೆ ಜಾರಿಯಾಗದೆ ಗಣಿ ಬಿಟ್ಟುಹೋಗುವಂತಿಲ್ಲ ಅಂತ ನಿಯಮ ಹೇಳುತ್ತೆ, ನಿಜ. ಆದರೆ ಅದಿರು ಮುಗಿದ ಕಂಪನಿಯನ್ನು ಕಟ್ಟಿಹಾಕಲು ಸರ್ಕಾರದ ಕೈಯಲ್ಲಿರೋ ಹಗ್ಗ ಆ ಠೇವಣಿಯೇ. ಹಗ್ಗ ದಾರದಷ್ಟು ತೆಳ್ಳಗಿದೆ.

ಬಳ್ಳಾರಿಯಲ್ಲಿ ಒಮ್ಮೆ ಲೆಕ್ಕ ತಿರುಗಿತ್ತು

ಇದು ಹೀಗೇ ಇರಬೇಕು ಅಂತೇನಿಲ್ಲ. ಬೇರೆ ಥರ ಮಾಡಬಹುದು ಅಂತ ತೋರಿಸಿಕೊಟ್ಟಿದ್ದು ನಮ್ಮದೇ ಬಳ್ಳಾರಿ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಅದರ ಮುಂಚೂಣಿಯಲ್ಲಿದ್ದವರು ಎಸ್.ಆರ್. ಹಿರೇಮಠ. 2011ರ ಜುಲೈ 29ರಂದು ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್ 26ರಂದು ಆ ಆದೇಶವನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿತು. ಕೇಂದ್ರ ಉನ್ನತಾಧಿಕಾರ ಸಮಿತಿಯ ಉಸ್ತುವಾರಿಯಲ್ಲಿ ಜಂಟಿ ಸರ್ವೆ ನಡೆದು ಗಣಿಗಳು ಎ, ಬಿ, ಸಿ ಅಂತ ಮೂರು ಗುಂಪಾದವು. ‘ಎ’ಯಲ್ಲಿ ಅಕ್ರಮ ಇಲ್ಲ ಅಥವಾ ಅತಿ ಕಡಿಮೆ. ‘ಬಿ’ಯಲ್ಲಿ ಗುತ್ತಿಗೆಯ ಗಡಿ ದಾಟಿದ ಗುಂಡಿ ಗುತ್ತಿಗೆ ಜಾಗದ ಶೇ 10ರವರೆಗೆ, ಡಂಪ್ ಶೇ 15ರವರೆಗೆ. ಅದನ್ನೂ ಮೀರಿದವು ‘ಸಿ’. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ಗುಂಪಿನ 49 ಗುತ್ತಿಗೆಗಳು ರದ್ದಾದವು.

ಸುದ್ದಿಯಾಗಿದ್ದು ರದ್ದತಿ. ನನ್ನ ಪ್ರಕಾರ ನಿಜವಾದ ಬದಲಾವಣೆ ಇದ್ದದ್ದು ‘ಎ’ ಮತ್ತು ‘ಬಿ’ಗೆ ಹಾಕಿದ ಷರತ್ತಿನಲ್ಲಿ. ಪ್ರತಿ ಗುತ್ತಿಗೆಗೂ ಪ್ರತ್ಯೇಕ ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ, ಅಲ್ಲಿನವರ ಬಾಯಲ್ಲಿ ‘ಆರ್ ಅಂಡ್ ಆರ್ ಪ್ಲಾನ್’, ತಯಾರಾಗಬೇಕು. ಅದನ್ನು ತಯಾರಿಸೋದು ಕಂಪನಿಯ ಕನ್ಸಲ್ಟೆಂಟ್ ಅಲ್ಲ, ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಳಿ. ಗಡಿಕಲ್ಲು ಎಲ್ಲಿ, ತಡೆಗೋಡೆ ಎಷ್ಟು ಉದ್ದ, ಚೆಕ್ ಡ್ಯಾಮ್ ಎಷ್ಟು, ಯಾವ ಡಂಪ್‌ಗೆ ಏನು ಹೊದಿಕೆ, ಎಲ್ಲಿ ಎಷ್ಟು ಗಿಡ ಅಂತ ಜಾಗ ಗುರುತಿಸಿ ಬರೆದ ಯೋಜನೆಗಳವು. ವರ್ಷಕ್ಕೆ ಎಷ್ಟು ಅದಿರು ತೆಗೆಯಬಹುದು ಅನ್ನೋದೂ ಅದರಲ್ಲೇ ನಿಗದಿ.

‘ಬಿ’ ಗುಂಪಿನವರಿಗೆ ಇನ್ನೂ ಬಿಗಿ. ಯೋಜನೆ ಜಾರಿಯಾಗದೆ ಗಣಿ ಮತ್ತೆ ತೆರೆಯಲ್ಲ. ಜತೆಗೆ ಅಕ್ರಮ ಗುಂಡಿಯ ಪ್ರತಿ ಹೆಕ್ಟೇರಿಗೆ 5 ಕೋಟಿ, ಅಕ್ರಮ ಡಂಪ್‌ಗೆ ಹೆಕ್ಟೇರಿಗೆ 1 ಕೋಟಿ ಪರಿಹಾರ ಕಟ್ಟಬೇಕು.

5 ಕೋಟಿ ಒಂದು ಕಡೆ, 5 ಲಕ್ಷ ಇನ್ನೊಂದು ಕಡೆ. ನೂರು ಪಟ್ಟು ವ್ಯತ್ಯಾಸ. ಎರಡೂ ಒಂದೇ ಬಗೆಯ ಹಣ ಅಲ್ಲ, ಒಪ್ಪೋಣ. ಒಂದು ತಪ್ಪಿಗೆ ದಂಡ, ಕದ್ದ ಅದಿರಿನ ಬೆಲೆಯೂ ಅದರಲ್ಲಿದೆ. ಇನ್ನೊಂದು ರಿಪೇರಿಗೆ ಅಡ್ವಾನ್ಸ್. ಆದರೂ ಗಡಿಕಲ್ಲಿನ ಆಚೆ ಒಂದು ಹೆಕ್ಟೇರ್ ಅಗೆದರೆ ಕೋಟಿಗಳ ಮಾತು, ಈಚೆ ಅಗೆದರೆ ಲಕ್ಷಗಳ ಮಾತು ಅನ್ನೋದನ್ನು ಗಮನಿಸಿ. ಮಳೆನೀರಿಗೆ ಗಡಿಕಲ್ಲು ಕಾಣಿಸಲ್ಲ. ಕಾನೂನುಬದ್ಧ ಗುಂಡಿಯಿಂದ ಹರಿಯೋ ಹೂಳೂ ಅದೇ ಕೆರೆಗೆ ಹೋಗಿ ಸೇರುತ್ತೆ.

ಅಲ್ಲಿ ಕೆಲಸ ಮಾಡಿದ್ದು ದಂಡದ ಭಯ ಒಂದೇ ಅಲ್ಲ, ಸರದಿ ಬದಲಾಗಿದ್ದು. ಮಾಮೂಲಿ ನಿಯಮದಲ್ಲಿ ಮೊದಲು ಅದಿರು, ಆಮೇಲೆ ರಿಪೇರಿ. ಬಳ್ಳಾರಿಯಲ್ಲಿ ಮೊದಲು ರಿಪೇರಿ, ಆಮೇಲೆ ಅದಿರು. ಕಂಪನಿಗೆ ಅದಿರು ಬೇಕಾಗಿರುವಾಗಲೇ ಸರ್ಕಾರದ ಮಾತಿಗೆ ಬೆಲೆ. ಅದಿರು ಮುಗಿದಮೇಲೆ ನೋಟಿಸ್ ಕಳಿಸಿದರೆ ಯಾರು ಓದ್ತಾರೆ?

‘ಸಮಾನ ನೆಲೆ’ ಅಂದರೆ ಯಾವ ಕಡೆಗೆ?

ಈಗ ಪರಿಸ್ಥಿತಿ ಮತ್ತೆ ಬದಲಾಗುತ್ತಿದೆ. 2013ರಲ್ಲಿ ಮೂರು ಜಿಲ್ಲೆಗಳ ಒಟ್ಟು ಉತ್ಪಾದನೆಗೆ ವರ್ಷಕ್ಕೆ 3 ಕೋಟಿ ಟನ್ ಮಿತಿ ಇತ್ತು. 2017ರ ಕೊನೆಗೆ ಅದು 3.5 ಕೋಟಿ ಆಯಿತು. 2022ರ ಆಗಸ್ಟ್‌ನಲ್ಲಿ 5 ಕೋಟಿ: ಬಳ್ಳಾರಿಗೆ 3.5 ಕೋಟಿ, ಚಿತ್ರದುರ್ಗ-ತುಮಕೂರಿಗೆ 1.5 ಕೋಟಿ. ಅದೇ ವರ್ಷದ ಮೇ ತಿಂಗಳಲ್ಲಿ ಇ-ಹರಾಜಿನ ಕಡ್ಡಾಯ ಹೋಯಿತು, ರಫ್ತಿಗೂ ದಾರಿ ತೆರೆಯಿತು. ಕೋರ್ಟ್ ಕೊಟ್ಟ ಕಾರಣ: ಪರಿಸ್ಥಿತಿ ಸುಧಾರಿಸಿದೆ, ಇಲ್ಲಿನ ಗಣಿಗಳೂ ದೇಶದ ಉಳಿದ ಗಣಿಗಳ ಜತೆ ಸಮಾನ ನೆಲೆಯಲ್ಲಿರಬೇಕು.

ಸುಧಾರಿಸಿರೋದು ಸುಳ್ಳಲ್ಲ. ಆದರೆ ಸಮಾನತೆಗೆ ಎರಡು ದಾರಿ ಇತ್ತು. ಬಳ್ಳಾರಿಯ ಬಿಗಿಯನ್ನು ಉಳಿದ ರಾಜ್ಯಗಳಿಗೆ ಹಬ್ಬಿಸಬಹುದಿತ್ತು, ಅಥವಾ ಬಳ್ಳಾರಿಯನ್ನು ಸಡಿಲ ಮಾಡಬಹುದಿತ್ತು. ಮೊದಲನೆಯದನ್ನು ಸಂಸತ್ತು ಮಾಡಬೇಕಿತ್ತು, ಮಾಡಲಿಲ್ಲ. ಆರ್ ಅಂಡ್ ಆರ್ ಪ್ಲಾನ್ ಇವತ್ತಿಗೂ ಒಂದು ಪ್ರಕರಣದ ಆದೇಶದಿಂದ ಹುಟ್ಟಿದ ವಿಶೇಷ ವ್ಯವಸ್ಥೆ. ಅದು ದೇಶದ ಸಾಮಾನ್ಯ ಕಾನೂನು ಆಗಿಲ್ಲ.

ಇನ್ನು ದುಡ್ಡಿನ ಮಾತು. ಗಣಿ ಕಂಪನಿಗಳಿಂದ ವಸೂಲಾದ ಹಣ ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಇದೆ. 2022ರಲ್ಲಿ ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿಯವರ ಮೇಲುಸ್ತುವಾರಿಯಲ್ಲಿ ಕೆಲಸಕ್ಕೆ ದಾರಿ ಮಾಡಿಕೊಟ್ಟಿತು. ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ. ಕುಡಿಯೋ ನೀರು, ಆಸ್ಪತ್ರೆ, ಶಾಲೆ, ರಸ್ತೆ, ರೈಲು, ವಸತಿ, ಅರಣ್ಯ ಎಲ್ಲ ಅದರಲ್ಲಿದೆ. ದೂಳು ಕುಡಿದು ಬದುಕಿದ ಹಳ್ಳಿಗಳಿಗೆ ಆಸ್ಪತ್ರೆ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಗಮದ ಹೆಸರಲ್ಲೇ ಪರಿಸರ ಪುನಶ್ಚೇತನ ಇದೆ. ಕಟ್ಟಡಕ್ಕೆ ಉದ್ಘಾಟನೆ ಇರುತ್ತೆ, ಟೇಪ್ ಕತ್ತರಿಸಲು ಶಾಸಕರು ಬರ್ತಾರೆ. ಹೂಳು ತೆಗೆದ ಹಳ್ಳಕ್ಕೆ ಟೇಪ್ ಇರಲ್ಲ. ಹಾಗಾಗಿ ಈ ಹಣದಲ್ಲಿ ಎಷ್ಟು ಕಾಂಕ್ರೀಟಿಗೆ ಹೋಯಿತು, ಎಷ್ಟು ಮಣ್ಣು-ನೀರಿಗೆ ಹೋಯಿತು ಅಂತ ವರ್ಷವರ್ಷ ಕೇಳದಿದ್ದರೆ ಮಣ್ಣಿನ ಪಾಲು ತಾನಾಗೇ ಹಿಂದೆ ಬೀಳುತ್ತೆ.

‘ಇಷ್ಟೊಂದು ಠೇವಣಿ ಇಟ್ಟರೆ ಉದ್ಯಮ ನಡೆಯೋದು ಹೇಗೆ?’

ಈ ವಾದ ಬಂದೇ ಬರುತ್ತೆ. ತಳ್ಳಿಹಾಕೋ ವಾದವೂ ಅಲ್ಲ. ತೋರಣಗಲ್ಲಿನ ಉಕ್ಕು ಕಾರ್ಖಾನೆಗೆ ಅದಿರು ಬೇಕು. ಲಾರಿ ಚಾಲಕರಿಂದ ಹಿಡಿದು ಪಂಕ್ಚರ್ ಅಂಗಡಿಯವರೆಗೆ ಸಾವಿರಾರು ಮನೆಗಳ ಒಲೆ ಇದರಿಂದಲೇ ಉರಿಯೋದು. 2011ರ ನಿಷೇಧದಲ್ಲಿ ಮೊದಲು ಏಟು ಬಿದ್ದದ್ದು ಅವರಿಗೇ, ಗಣಿ ಧಣಿಗಳಿಗಲ್ಲ.

ಆದರೆ ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮದೇ ಕಲ್ಲಿದ್ದಲು ಸಚಿವಾಲಯ 2009ರಲ್ಲೇ ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ಅಂತ ನಿಗದಿ ಮಾಡಿತ್ತು. ಅದೂ ಬೆಲೆ ಏರಿದಂತೆ ಏರಬೇಕು, ಪ್ರತಿವರ್ಷ ಕಂತಿನಲ್ಲಿ ಪ್ರತ್ಯೇಕ ಎಸ್ಕ್ರೋ ಖಾತೆಗೆ ಕಟ್ಟಬೇಕು. ಒಂದೇ ಸರ್ಕಾರದಲ್ಲಿ ಕಲ್ಲಿದ್ದಲಿಗೆ 2009ರಲ್ಲಿ 6 ಲಕ್ಷ, ಕಬ್ಬಿಣಕ್ಕೆ 2021ರಲ್ಲಿ 5 ಲಕ್ಷ. ಇದಕ್ಕೆ ಯಾವ ಎಂಜಿನಿಯರಿಂಗ್ ಕಾರಣವೂ ಇಲ್ಲ.

ಅಮೆರಿಕದಲ್ಲಿ ಕಲ್ಲಿದ್ದಲಿನ ತೆರೆದ ಗಣಿಗೆ 1977ರಿಂದ ಒಂದು ಕಾನೂನಿದೆ. ಅಲ್ಲಿ ಪರ್ಮಿಟ್ ಕೈಗೆ ಸಿಗೋ ಮುಂಚೆಯೇ ಬಾಂಡ್ ಇಡಬೇಕು. ಮೊತ್ತ ಹೆಕ್ಟೇರಿಗೆ ಇಷ್ಟು ಅನ್ನೋ ಏಕದರ ಅಲ್ಲ. ಕಂಪನಿ ಕೈಕೊಟ್ಟರೆ ಸರ್ಕಾರವೇ ಆ ನಿರ್ದಿಷ್ಟ ಗಣಿಯನ್ನು ಸರಿಮಾಡಲು ಎಷ್ಟು ಬೇಕೋ ಅಷ್ಟು. ಹಣ ವಾಪಸ್ ಬರೋದು ಮೂರು ಹಂತದಲ್ಲಿ. ಕೊನೆಯ ಕಂತು ಸಿಗಬೇಕಾದರೆ ಗಿಡಗಂಟಿ ಐದು ವರ್ಷ ಬದುಕಿರಬೇಕು, ಮಳೆ ಕಡಿಮೆ ಇರೋ ಕಡೆ ಹತ್ತು ವರ್ಷ. ಬಳ್ಳಾರಿಯಂಥ ಒಣ ಸೀಮೆಯವರು ಗಮನಿಸಬೇಕಾದ ಅಂಶ ಇದು. ಜುಲೈನಲ್ಲಿ ಸಸಿ ನೆಟ್ಟು ಫೋಟೋ ತೆಗೆಸೋದು ಸುಲಭ, ಅದು ಮೂರನೇ ಏಪ್ರಿಲ್ ದಾಟೋದು ಕಷ್ಟ.

ಅಲ್ಲೂ ತೂತಿತ್ತು. ದೊಡ್ಡ ಕಂಪನಿಗಳಿಗೆ ‘ನಮ್ಮ ಆಸ್ತಿಯೇ ಗ್ಯಾರಂಟಿ’ ಅಂತ ಸ್ವಂತ ಭರವಸೆ ಕೊಡೋ ಅವಕಾಶ ಇತ್ತು. 2015-16ರಲ್ಲಿ ಆಲ್ಫಾ, ಆರ್ಚ್, ಪೀಬಾಡಿ ಕಂಪನಿಗಳು ಒಂದರ ಹಿಂದೊಂದು ದಿವಾಳಿ ಅರ್ಜಿ ಹಾಕಿದಾಗ ಆ ಭರವಸೆಯ ಬೆಲೆ ಏನು ಅಂತ ಗೊತ್ತಾಯಿತು. ಪಾಠ ಸರಳ: ಠೇವಣಿ ಸಾಕಷ್ಟು ಇರಬೇಕು, ಅದು ಕಂಪನಿಯ ಕೈಯಿಂದ ಆಚೆಯೂ ಇರಬೇಕು.

ಹಳೆ ಬೆಟ್ಟದ ಬಾಕಿ, ಹೊಸ ಬೆಟ್ಟದ ಅರ್ಜಿ

ಪಶ್ಚಿಮ ಘಟ್ಟದ ಕುದುರೆಮುಖದಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕೇಂದ್ರ ಸರ್ಕಾರದ ಕೆಐಒಸಿಎಲ್ ಅಲ್ಲಿ ಬಿಟ್ಟುಬಂದಿರೋ ಲಖ್ಯಾ ಅಣೆಕಟ್ಟಿನ ಹಿಂದೆ ಅದಿರು ತೊಳೆದ ಹೂಳು ಇವತ್ತಿಗೂ ನಿಂತಿದೆ. ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯ ಬೇಕು. ಅಲ್ಲಿರುವ ಮರಗಳು 99 ಸಾವಿರಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಈ ಯೋಜನೆಯ ಕಡತಕ್ಕೆ ಸಹಿ ಹಾಕಿದರು. ಕುದುರೆಮುಖದ ಬಾಕಿ ತೀರಿಸುವ ತನಕ ಜಮೀನು ಹಸ್ತಾಂತರ ಬೇಡ ಅಂತ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ ಅಧಿಕಾರಿಗಳಿಗೆ ಸೂಚಿಸಿದರು.

ಇದರಲ್ಲಿ ಪಕ್ಷ ರಾಜಕೀಯ ಇಲ್ಲ ಅಂತ ನಂಬೋಕೆ ನಾವೇನು ಚಿಕ್ಕಮಕ್ಕಳಲ್ಲ. ಆದರೆ ರಾಜಕೀಯ ಪಕ್ಕಕ್ಕಿಟ್ಟರೂ ಆ ಸೂಚನೆಯ ಹಿಂದಿರೋ ತತ್ವ ಸರಿಯಾಗಿದೆ: ಹಳೆ ನೆಲ ಸರಿಮಾಡದವನಿಗೆ ಹೊಸ ನೆಲ ಇಲ್ಲ. ತೊಂದರೆ ಏನಂದರೆ ಅದು ಒಬ್ಬ ಸಚಿವರ ಟಿಪ್ಪಣಿಯಾಗಿ ಉಳಿದಿದೆ. ನಾಳೆ ಸಚಿವರು ಬದಲಾದರೆ ಟಿಪ್ಪಣಿಯೂ ಬದಲಾಗುತ್ತೆ. ಅದೇ ತತ್ವ ಖಾಸಗಿ ಕಂಪನಿಗಳಿಗೂ, ಎಲ್ಲ ಜಿಲ್ಲೆಗಳಿಗೂ ಅನ್ವಯ ಆಗಬೇಕಾದರೆ ನಿಯಮದಲ್ಲಿ ಬರೆದಿರಬೇಕು.

ಈಗ ನಿಯಮದಲ್ಲಿ ಬರೆದಿರೋದು ಇದಕ್ಕೆ ಉಲ್ಟಾ. 2020 ಮತ್ತು 2021ರ ತಿದ್ದುಪಡಿಗಳ ಪ್ರಕಾರ, ಅವಧಿ ಮುಗಿದ ಗುತ್ತಿಗೆ ಹರಾಜಾದರೆ ಹಳೆ ಗುತ್ತಿಗೆದಾರನ ಅನುಮತಿಗಳು ಹೊಸಬನಿಗೆ ವರ್ಗಾವಣೆ ಆಗುತ್ತವೆ. ಉತ್ಪಾದನೆ ಒಂದು ದಿನವೂ ನಿಲ್ಲಬಾರದು ಅನ್ನೋ ಕಾಳಜಿ ಅದು. ಕೈ ಬದಲಾಗೋ ಆ ಹೊತ್ತಿನಲ್ಲೇ ಹಳೆ ಗುಂಡಿಯ ಲೆಕ್ಕವೂ ಚುಕ್ತಾ ಆಗಬೇಕು ಅನ್ನೋ ಕಾಳಜಿ ಅಷ್ಟೇ ಗಟ್ಟಿಯಾಗಿ ಇರಬೇಕಲ್ವಾ? ಸ್ವಂತ ಬಳಕೆಯ ಹಳೆ ಗುತ್ತಿಗೆಗಳಿಗೆ ಕಾನೂನು ಕೊಟ್ಟಿರೋ ಗಡುವು 2030ರ ಮಾರ್ಚ್ 31. ಅಂದರೆ ಇನ್ನೊಂದು ಸುತ್ತು ಕೈ ಬದಲಾವಣೆ ಎದುರಿಗೇ ಇದೆ.

ಕೇಳಬೇಕಾದದ್ದು ಏನು?

ಮೊದಲನೆಯದು, ಏಕದರದ ಠೇವಣಿ ಹೋಗಬೇಕು. ಆಯಾ ಗಣಿಯನ್ನು ಹೊರಗಿನವರು ಸರಿಮಾಡಲು ತಗಲುವ ನಿಜವಾದ ಖರ್ಚೇ ಠೇವಣಿಯ ಮೊತ್ತ ಆಗಬೇಕು. ಐದು ವರ್ಷಕ್ಕೊಮ್ಮೆ ಮುಚ್ಚುವ ಯೋಜನೆ ಹೇಗೂ ಪರಿಶೀಲನೆಗೆ ಬರುತ್ತೆ, ಠೇವಣಿಯೂ ಆಗಲೇ ಪರಿಷ್ಕರಣೆ ಆಗಲಿ.

ಎರಡನೆಯದು, ಬಳ್ಳಾರಿಯ ಸರದಿ ಎಲ್ಲೆಡೆ ಬರಲಿ. ಹಿಂದಿನ ಐದು ವರ್ಷದ ಪುನಶ್ಚೇತನ ಕೆಲಸ ಮುಗಿಸಿದ್ದಕ್ಕೆ ಸ್ವತಂತ್ರ ಸಂಸ್ಥೆಯ ವರದಿ ಇಲ್ಲದೆ ಹೊಸ ಜಾಗ ಅಗೆಯಲು, ಉತ್ಪಾದನೆ ಏರಿಸಲು, ಗುತ್ತಿಗೆ ವರ್ಗಾಯಿಸಲು ಒಪ್ಪಿಗೆ ಸಿಗಬಾರದು.

ಮೂರನೆಯದು, ಊರಿನವರ ಮಾತು. ಸಾರ್ವಜನಿಕ ಅಹವಾಲು ನಡೆಯೋದು ಗಣಿ ತೆರೆಯೋ ಮುಂಚೆ. ಮುಚ್ಚುವಾಗ ಊರಿನವರನ್ನು ಕರೆದು ಕೇಳೋ ಕಡ್ಡಾಯ ಇಲ್ಲ. ಆ ಜಾಗ ಗೋಮಾಳ ಆಗಬೇಕಾ, ಕೆರೆ ಆಗಬೇಕಾ, ಕಾಡು ಆಗಬೇಕಾ ಅಂತ ಹೇಳಬೇಕಾದವರು ಅಲ್ಲೇ ದನ ಮೇಯಿಸೋರು. ಮುಚ್ಚುವ ಯೋಜನೆ ಕನ್ನಡದಲ್ಲಿ ಗ್ರಾಮ ಪಂಚಾಯಿತಿಗೆ ಬರಲಿ. ಗ್ರಾಮಸಭೆ ಜಾಗ ನೋಡಿ ಹೇಳಿದಮೇಲೆ ಠೇವಣಿಯ ಕೊನೆ ಕಂತು ಬಿಡುಗಡೆಯಾಗಲಿ.

ಬೆಂಗಳೂರಿನಲ್ಲಿ ಕೂತು ‘ಇದು ಬಳ್ಳಾರಿಯವರ ಸಮಸ್ಯೆ’ ಅಂದುಕೊಂಡವರಿಗೆ ಒಂದು ಮಾತು. ಮಿಟ್ಟಗಾನಹಳ್ಳಿಯ ಹಳೆ ಕಲ್ಲು ಕ್ವಾರಿಗೆ ಹೋಗಿ ಬೀಳೋದು ನಿಮ್ಮ ಮನೆಯ ಕಸವೇ. ಕಲ್ಲು, ಜಲ್ಲಿ, ಎಂ-ಸ್ಯಾಂಡ್ ಕ್ವಾರಿಗಳು ರಾಜ್ಯದ ನಿಯಮದಡಿ ಬರುತ್ತವೆ, ಅದನ್ನು ಬಿಗಿ ಮಾಡಲು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ವಿಧಾನಸೌಧ ಮನಸ್ಸು ಮಾಡಿದರೆ ಈ ಮೂರೂ ಬದಲಾವಣೆಯನ್ನು ಕ್ವಾರಿಗಳಿಂದಲೇ ಶುರು ಮಾಡಬಹುದು.

ನಿಮ್ಮ ತಾಲ್ಲೂಕಿನಲ್ಲಿ ಒಂದು ಗಣಿಯೋ ಕ್ವಾರಿಯೋ ಇದ್ದೇ ಇರುತ್ತೆ. ಒಂದು ಆರ್‌ಟಿಐ ಅರ್ಜಿ ಹಾಕಿ, ಮೂರೇ ಪ್ರಶ್ನೆ ಕೇಳಿ: ಮುಚ್ಚುವ ಯೋಜನೆಯ ಪ್ರತಿ ಕೊಡಿ, ಠೇವಣಿ ಎಷ್ಟಿದೆ ಹೇಳಿ, ಕಳೆದ ಐದು ವರ್ಷದಲ್ಲಿ ಎಷ್ಟು ಹೆಕ್ಟೇರ್ ಸರಿಮಾಡಿದ್ದಾರೆ ತಿಳಿಸಿ. ಉತ್ತರ ಬಂದಮೇಲೆ ಠೇವಣಿಯನ್ನು ಚದರ ಮೀಟರ್‌ಗೆ ಭಾಗಿಸಿ, ಬಂದ ಸಂಖ್ಯೆಯನ್ನು ನಿಮ್ಮ ಶಾಸಕರ ಮುಂದಿಡಿ. ಆ ದುಡ್ಡಿಗೆ ಅವರ ಮನೆಯಂಗಳದ ಒಂದು ಚದರ ಮೀಟರ್ ಅಗೆದು ಮೊದಲಿನಂತೆ ಮಾಡಿಸಿಕೊಡಲು ಯಾರಾದರೂ ಒಪ್ತಾರಾ ಅಂತ ಕೇಳಿ.